ಕೆರೆ ನೀರಲ್ಲಿ ನೆನೆಸಿದ ಸಿನಿಮಾ

ಪ್ರಿಯ ಮಂಜು,

ಸಿನಿಮಾ ಎಲ್ಲಿಗೆ ಬಂತು ಅಂತ ಕೇಳಿದ್ದೆ. ಮುಗಿದಿದೆ. ಬರೀ 2 ನಿಮಿಷ 46 ಸೆಕೆಂಡು. ನೂರು ಅಡಿ 16 ಎಂಎಂ ಫಿಲ್ಮು ಅಷ್ಟೇ ಹೊತ್ತು ಓಡುವುದು, ನಗಬೇಡ.

2017ರ ಮಳೆಗಾಲದಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರುತ್ತಿದ್ದಾಗ ಮೊಬೈಲಿನಲ್ಲಿ ತೆಗೆದಿದ್ದೆನಲ್ಲ, ನೆನಪಿದೆಯಾ? ನೋಡಿದವರೆಲ್ಲ ‘ಕಾಶ್ಮೀರ ಇದ್ದಂಗಿದೆ’ ಅಂದರು. ನೀನೂ ಅಂದಿದ್ದೆ. ಅದೇ ವರ್ಷ ಫೆಬ್ರವರಿಯಲ್ಲಿ ಆ ಕೆರೆಗೆ ಬೆಂಕಿ ಬಿದ್ದಿತ್ತು. ಅದರ ಚಿತ್ರವೂ ಚೆಂದವೇ ಕಾಣುತ್ತಿತ್ತು. ನನಗೆ ಅಂದಿನಿಂದ ಅದೇ ಕಿರಿಕಿರಿ.

ಈ ಸಲ ಒಬ್ಬರ ಹಳೆ ಬೋಲೆಕ್ಸ್ ಕ್ಯಾಮೆರಾ ಸಾಲ ತಂದೆ. ಕೀಲಿ ಕೊಟ್ಟು ತಿರುಗಿಸಬೇಕು, ಒಂದು ಸಲಕ್ಕೆ ಅರ್ಧ ನಿಮಿಷವೂ ಓಡುವುದಿಲ್ಲ. ಈಜಿಪುರದ ನಮ್ಮ ಬಚ್ಚಲಿನ ತೂತಿನಿಂದ ಶುರು ಮಾಡಿದೆ. ಅಲ್ಲಿಂದ ಮೋರಿ, ರಾಜಕಾಲುವೆ, ಕೊನೆಗೆ ಕೆರೆಯ ಕೋಡಿ. ಬಟ್ಟೆ ಪುಡಿ, ಸೋಪು ಬೆರೆತ ನೀರು ಕೋಡಿಯಲ್ಲಿ ಧುಮುಕಿ ಕಡೆದಂತಾಗಿ ನೊರೆ ಏಳುತ್ತದೆ. ನನ್ನ ಬನಿಯನ್ ತೊಳೆದ ನೀರೂ ಅದರಲ್ಲಿದೆ.

ಫಿಲ್ಮನ್ನು ಮನೆಯಲ್ಲೇ ತೊಳೆದೆ. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ, ಮೂರನ್ನೂ ನೀರಲ್ಲಿ ಕಲಸಿದರೆ ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ. ವಾಸನೆ ಅಂದ್ರೆ ವಾಸನೆ! ಕಾಫಿ ಡಬ್ಬ ಖಾಲಿಯಾಗಿದ್ದಕ್ಕೆ ಅಮ್ಮ ಎರಡು ದಿನ ಮಾತಾಡಲಿಲ್ಲ. ನೆಗೆಟಿವ್‌ನಲ್ಲಿ ಬಿಳಿಯೆಲ್ಲ ಕಪ್ಪಾಗುತ್ತದಲ್ಲ, ನೊರೆ ಕಪ್ಪಗೆ ಬಂದಿತ್ತು, ತಾರಿನ ಹಾಗೆ. ಪಾಸಿಟಿವ್ ಪ್ರಿಂಟ್ ಹಾಕಿಸುವ ಯೋಚನೆಯನ್ನು ಅಲ್ಲೇ ಬಿಟ್ಟೆ.

ಆಮೇಲೆ ಅದನ್ನು ಕೆರೆ ನೀರಿನ ಬಕೆಟ್ಟಿನಲ್ಲಿ ಹಾಕಿ ತಾರಸಿ ಮೇಲೆ ಮೂರು ವಾರ ಇಟ್ಟೆ. ಫಿಲ್ಮಿನ ಚಿತ್ರ ಕೂತಿರುವುದು ಜೆಲಾಟಿನ್ ಪದರದಲ್ಲಿ. ಮೂಳೆ, ಚರ್ಮದಿಂದ ತೆಗೆದ ಅಂಟು ಅದು. ನೀರಿನ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಪದರ ಉಬ್ಬಿ, ಕಿತ್ತು, ಕೋಡಿಯ ಚಿತ್ರ ಪಕ್ಕದ ಫ್ರೇಮಿಗೆ ಜಾರಿತ್ತು.

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಒಂದು ತುಂಡನ್ನು ಕಾವೇರಿ ನಲ್ಲಿ ನೀರಲ್ಲೂ ನೆನೆಸಿದ್ದೆ. ಅದೂ ಕೆಟ್ಟಿತು, ಆದರೆ ನಿಧಾನಕ್ಕೆ. ಹಾಗಾಗಿ ಎಲ್ಲವನ್ನೂ ಕೆರೆಯೇ ಮಾಡಿತು ಅನ್ನುವ ಹಾಗಿಲ್ಲ. ಆ ತುಂಡನ್ನೂ ಕೊನೆಗೆ ಅಂಟಿಸಿದ್ದೇನೆ. ತೋರಿಸಿದ ದಿನ ಒಬ್ಬರೂ ಕಾಶ್ಮೀರದ ಹೆಸರೆತ್ತಲಿಲ್ಲ. ಇಬ್ಬರು ಪ್ರೊಜೆಕ್ಟರ್ ಕೆಟ್ಟಿದೆಯಾ ಅಂತ ಕೇಳಿದರು.

ಒಂದು ವಿಷಯಕ್ಕೆ ಮಾತ್ರ ನಾಚಿಕೆ. ಮುಗಿದ ಡೆವಲಪರನ್ನು ಸಿಂಕಿಗೆ ಸುರಿಯುತ್ತಾ ಅರ್ಧಕ್ಕೆ ನಿಂತೆ. ವಾಷಿಂಗ್ ಸೋಡಾ ನೀರು ಹೋಗುವುದೆಲ್ಲಿಗೆ? ನಾನು ಕ್ಯಾಮೆರಾ ಹಿಡಿದು ಹಿಂಬಾಲಿಸಿದ ದಾರಿಯಲ್ಲೇ, ಅಲ್ವಾ? ಡೆವಲಪರ್ ಆದಮೇಲೆ ಚಿತ್ರ ಗಟ್ಟಿಯಾಗಿ ಉಳಿಯಲು ಫಿಲ್ಮನ್ನು ಅದ್ದುವ ಹೈಪೋ ದ್ರಾವಣವನ್ನಂತೂ ಸುರಿಯಲಿಲ್ಲ. ಅದರಲ್ಲಿ ಬೆಳ್ಳಿ ಕರಗಿರುತ್ತದೆ. ನಿಮ್ಮಪ್ಪನ ಸ್ಟುಡಿಯೋಗೆ ಹಳೇ ಹೈಪೋ ಕೊಂಡು ಬೆಳ್ಳಿ ತೆಗೆಯುವವರು ಬರುತ್ತಿದ್ದರಲ್ಲ, ಈಗ ಅಂಥವರು ಯಾರಾದರೂ ಇದ್ದಾರಾ ಅಂತ ಅಪ್ಪನನ್ನೇ ಒಮ್ಮೆ ಕೇಳು. ಎರಡು ಲೀಟರಿನ ಕ್ಯಾನು ಬಾಲ್ಕನಿಯಲ್ಲಿ ಕೂತಿದೆ, ಅಮ್ಮ ದಿನಾ ಅದನ್ನೇ ನೋಡುತ್ತಿದ್ದಾರೆ.

ನಿನ್ನ,
ರಘು