ತೋಳು ಮುಟ್ಟದೆ ‘ನಾರ್ಮಲ್’ ಎಂದು ಬರೆಯುವುದನ್ನು ನಿಲ್ಲಿಸಿ: ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನನ್ನ ಮಗನಿಗೆ 14 ವರ್ಷ. ಅವನಿಗೆ ತೀವ್ರವಾದ ಹಿಮೋಫಿಲಿಯಾ ಇದೆ, ಕುಸುಮ ರೋಗ ಅಂತಾರಲ್ಲ, ಅದು. ರಕ್ತ ಹೆಪ್ಪುಗಟ್ಟಲು ಬೇಕಾದ 8ನೇ ಫ್ಯಾಕ್ಟರ್ ಅವನ ಮೈಯಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ನನ್ನ ಅಣ್ಣನಿಗೂ ಇದೇ ಇತ್ತು. ಅವನ ಕಾಲಕ್ಕೆ ನಮ್ಮೂರಿನವರಿಗೆ ಫ್ಯಾಕ್ಟರ್ ಎಂಬ ಹೆಸರೇ ಗೊತ್ತಿರಲಿಲ್ಲ. ಕೀಲಿನೊಳಗೆ ರಕ್ತ ಸೋರಿ ಸೋರಿ, 20 ತುಂಬುವ ಹೊತ್ತಿಗೆ ಅವನ ಎರಡೂ ಮಂಡಿ ಮಡಚಿದ್ದು ಮಡಚಿದ ಹಾಗೇ ಉಳಿದವು. ಅದನ್ನು ಕಣ್ಣಾರೆ ಕಂಡವಳು ನಾನು, ಅದಕ್ಕೇ ಮಗನ ಕೀಲುಗಳ ಬಗ್ಗೆ ಇಷ್ಟು ಹೆದರುತ್ತೇನೆ.

ಕಳೆದ ತಿಂಗಳು ನಡೆದದ್ದನ್ನು ಹೇಳಲೇಬೇಕು. ಅವತ್ತು ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಇತ್ತು. ಬೆಳಿಗ್ಗೆ 6ರ ಬಸ್ಸಿಗೆ ಹೊರಟೆವು. ಮಗನ ಬಲ ಮಂಡಿ ಬಾತಿತ್ತು, ಬಸ್ಸಿನ ಮೆಟ್ಟಿಲು ಹತ್ತಿಸಲು ಕಂಡಕ್ಟರ್ ಕೂಡ ಕೈ ಹಿಡಿದರು. ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಇಲ್ಲ, ಅವನಿಗೆ ಮತ್ತು ಅವರಪ್ಪನಿಗೆ ಇದೆ. ಅವರಪ್ಪನದು ಆ ದಿನದ ಕೂಲಿಯೂ ಹೋಯಿತು. ಮಧ್ಯಾಹ್ನ 1 ಗಂಟೆಯವರೆಗೆ ಕಾದ ಮೇಲೆ ಒಳಗೆ ಕರೆದರು. ಮೇಜಿನ ಹಿಂದೆ ಕುಳಿತವರು ತಲೆ ಎತ್ತಲಿಲ್ಲ. ಹೆಸರು ಕೇಳಿದರು, ವಯಸ್ಸು ಕೇಳಿದರು, ‘ಕೀಲುಗಳು’ ಎಂಬ ಖಾನೆಯಲ್ಲಿ ‘ನಾರ್ಮಲ್’ ಎಂದು ಬರೆದು ಮುಂದಿನವರನ್ನು ಕರೆದರು.

ಆಗ ನನ್ನ ಮಗ ಏನೂ ಹೇಳದೆ ಶರ್ಟಿನ ತೋಳು ಮಡಚಿ ಎಡಗೈಯನ್ನು ಮೇಜಿನ ಮೇಲೆ ಚಾಚಿದ. ಅದು ಪೂರ್ತಿ ನೆಟ್ಟಗಾಗುವುದಿಲ್ಲ. ಎರಡು ವರ್ಷದಿಂದ ಆಗುತ್ತಿಲ್ಲ. ‘ಬರೆದಾಗಿದೆ, ಹೋಗಮ್ಮ’ ಅಂದರು. ಮನೆಗೆ ಬಂದು ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಮೂರು ವರ್ಷದ ಮೂರು ಚೀಟಿಯಲ್ಲೂ ಅದೇ ‘ನಾರ್ಮಲ್’.

ಸ್ವಾಮಿ, ನಾನು ಪ್ರತಿ ತಿಂಗಳು ಊರಿನ ಮಕ್ಕಳ ತೂಕ, ಎತ್ತರ ಅಳೆದು ಮೊಬೈಲಿನಲ್ಲಿ ತುಂಬುತ್ತೇನೆ. ಅಳೆಯದೆ ತುಂಬಿದರೆ ಮೇಲಿನವರು ನನ್ನನ್ನು ಬಿಡುತ್ತಾರೆಯೇ? ಹಾಗಿದ್ದ ಮೇಲೆ ನನ್ನ ಮಗನನ್ನು ಮುಟ್ಟದೆ ಬರೆದವರನ್ನು ಯಾರು ಕೇಳಬೇಕು?

ಅಳೆಯುವ ಕ್ರಮ ಇಲ್ಲವೆಂದಲ್ಲ. ಹಿಮೋಫಿಲಿಯಾ ಜಾಯಿಂಟ್ ಹೆಲ್ತ್ ಸ್ಕೋರ್ ಎಂಬುದಿದೆ, ಮೊದಲು ಮಾಡಿದ್ದೇ 4ರಿಂದ 18 ವರ್ಷದ ಮಕ್ಕಳಿಗಾಗಿ. ಎರಡು ಮೊಣಕೈ, ಎರಡು ಮಂಡಿ, ಎರಡು ಕಾಲಿನ ಹರಡು, ಒಟ್ಟು 6 ಕೀಲು. ಬಾವು, ನೋವು, ಸ್ನಾಯು ಸೊರಗಿದೆಯೇ, ಬಲ ಎಷ್ಟಿದೆ, ಕೀಲು ಎಷ್ಟು ಮಡಚುತ್ತದೆ, ಎಷ್ಟು ಚಾಚುತ್ತದೆ ಎಂದು ಒಂದೊಂದಕ್ಕೂ ಅಂಕ ಕೊಟ್ಟು, ಕೊನೆಗೆ ನಡಿಗೆಯನ್ನೂ ನೋಡುತ್ತಾರೆ. ಸೊನ್ನೆ ಬಂದರೆ ಒಳ್ಳೆಯದು, 124 ಬಂದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಬೇಕಾಗುವುದು ಕೋನ ಅಳೆಯುವ ಒಂದು ಪ್ಲಾಸ್ಟಿಕ್ ಪಟ್ಟಿ, ತರಬೇತಿಯಾದ ಒಬ್ಬ ಫಿಸಿಯೋಥೆರಪಿಸ್ಟ್, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಮಯ. ವರ್ಷಕ್ಕೊಮ್ಮೆಯಾದರೂ ಕೀಲು ಪರೀಕ್ಷೆ ಆಗಬೇಕೆಂದು ವಿಶ್ವ ಹಿಮೋಫಿಲಿಯಾ ಒಕ್ಕೂಟವೇ ಹೇಳುತ್ತದೆ. ಇದು ತಮಗೆ ತಿಳಿಯದ್ದೇನಲ್ಲ.

ಯಾಕೆ ಇಷ್ಟು ಹಟ ಅಂತೀರಾ? ಕೀಲಿನೊಳಗೆ ರಕ್ತ ಇಳಿದಾಗಲೆಲ್ಲ ಒಳಪೊರೆ ಊದಿ ದಪ್ಪವಾಗುತ್ತದೆ, ಮೃದ್ವಸ್ಥಿ ಸವೆಯುತ್ತದೆ. ಸವೆದದ್ದು ತಿರುಗಿ ಬೆಳೆಯುವುದಿಲ್ಲ. ಮಕ್ಕಳು ನೋವನ್ನು ನುಂಗಿಕೊಂಡು ಆಡುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹೋದ ವರ್ಷಕ್ಕಿಂತ ಅಂಕ ಏರಿದೆ ಎಂದು ಗೊತ್ತಾದರೆ ಚುಚ್ಚುಮದ್ದಾಗಿ ಕೊಡುವ ಫ್ಯಾಕ್ಟರ್‌ನ ಪ್ರಮಾಣ ಬದಲಿಸಬಹುದು, ವ್ಯಾಯಾಮ ಹೇಳಿಕೊಡಬಹುದು. ‘ನಾರ್ಮಲ್’ ಎಂದು ಬರೆದ ಚೀಟಿ ಇಟ್ಟುಕೊಂಡು ಏನು ಬದಲಿಸುತ್ತಾರೆ?

ಕೊನೆಗೆ ದುರ್ಗದಲ್ಲಿ ಬಸ್ಸು ಬದಲಿಸಿ ದಾವಣಗೆರೆಗೆ ಹೋದೆವು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವ ಊರು ಅದು, ಈ ರೋಗದ ಬಗ್ಗೆ ತಿಳಿದವರು ಅಲ್ಲಿ ಸಿಗುತ್ತಾರೆ ಎಂಬ ಧೈರ್ಯ. ಒಬ್ಬ ಫಿಸಿಯೋಥೆರಪಿಸ್ಟ್ ಮಗನನ್ನು ಕೂರಿಸಿ, ಮಲಗಿಸಿ, ನಡೆಸಿ ನೋಡಿದರು. ಅಂಕ 17 ಬಂತು. ಹುಟ್ಟಿದಾಗಿನಿಂದ ಅವನ ಕೀಲುಗಳನ್ನು ಯಾರಾದರೂ ಅಳೆದದ್ದು ಅದೇ ಮೊದಲು. ಅವತ್ತು ಅಲ್ಲೇ ಅತ್ತುಬಿಟ್ಟೆ.

ಎಲ್ಲ ತಾಯಂದಿರೂ ಎರಡು ಬಸ್ಸು ಹಿಡಿದು ಅಲ್ಲಿಯವರೆಗೆ ಹೋಗಲಾರರು. ಹಾಗಾಗಿ ನಾನು ಕೇಳುವುದು ಒಂದೇ. ನಮ್ಮ ಜಿಲ್ಲೆಯ ಹಿಮೋಫಿಲಿಯಾ ಮಕ್ಕಳ 6 ಕೀಲುಗಳನ್ನೂ ವರ್ಷಕ್ಕೊಮ್ಮೆ ಅಳೆಸಿ. ಅದಕ್ಕೆ ಒಬ್ಬರಿಗೆ ತರಬೇತಿ ಕೊಡಿಸಿ, ಒಂದು ದಿನ ಗೊತ್ತುಮಾಡಿ, ಅಂಕವನ್ನು ಮಗುವಿನ ಪುಸ್ತಕದಲ್ಲಿ ಬರೆಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಹಿಮೋಫಿಲಿಯಾವೂ ಇದೆ. ಭಿಕ್ಷೆ ಕೇಳುತ್ತಿಲ್ಲ ಸ್ವಾಮಿ, ಅಳೆಯಿರಿ ಅನ್ನುತ್ತಿದ್ದೇನೆ. ನನ್ನ ಮಗನ ಕೀಲು ಅಳೆಯಿರಿ.

ಬರುವ ಸೋಮವಾರ ಮತ್ತೆ ಅದೇ ಆಸ್ಪತ್ರೆಗೆ ಹೋಗಬೇಕು. ಅದೇ ಮೇಜು, ಅದೇ ಖಾನೆ. ತೋಳು ಹಿಡಿದು ಚಾಚಿಸಿ ನೋಡಿದ ಮೇಲೆ ತುಂಬಲಿ ಎಂದು ತಾವು ಒಂದು ಮಾತು ಹೇಳಬೇಕು.

ಇಂತಿ,
ಕುಸುಮ ರೋಗವಿರುವ ಹುಡುಗನೊಬ್ಬನ ತಾಯಿ
ಚಿತ್ರದುರ್ಗ ಜಿಲ್ಲೆ