ಪಂಪು ಬಿಚ್ಚುವ ಮೊದಲು

ಪ್ರೀತಿಯ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ಒಂದು ವರ್ಷ ಇಲ್ಲಿಗೆ ಬಂದು ಕೆಲಸ ಮಾಡಲು ಒಪ್ಪಿದ್ದೀಯ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಕೇಳಿ ತುಂಬಾ ಖುಷಿಯಾಯಿತು. ಬರುವ ಮೊದಲು ನಿನಗೆ ಒಂದಿಷ್ಟು ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮಿಷನ್ ಇರುವುದು ಜಾಂಬಿಯಾದ ದಕ್ಷಿಣ ಪ್ರಾಂತ್ಯದಲ್ಲಿ, ಮೊಂಜೆ ಪಟ್ಟಣದಿಂದ ಮಣ್ಣುದಾರಿ ಹಿಡಿದು ಒಳಗೆ. ಚರ್ಚು, ಶಾಲೆ, ಚಿಕ್ಕ ದವಾಖಾನೆ, ಒಂದು ವರ್ಕ್‌ಶಾಪು, ಇಷ್ಟೇ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಹೊರಗೆ ಬಂದರೆ ವರ್ಕ್‌ಶಾಪಿನ ಬಾಗಿಲಲ್ಲಿ ಯಾರಾದರೂ ಕಾದಿರುತ್ತಾರೆ. ಪಂಚರ್ ಆದ ಸೈಕಲ್ಲು, ಕಾಲು ಮುರಿದ ಬೆಂಚು, ಅಚ್ಚು ಸವೆದ ಎತ್ತಿನ ಗಾಡಿ. ಊರಲ್ಲಿ ಸಾವಾದರೆ ಅದನ್ನೆಲ್ಲ ಬದಿಗಿಟ್ಟು ಶವಪೆಟ್ಟಿಗೆ ಮಾಡಬೇಕು. ಅವತ್ತು ಬೇರೆ ಕೆಲಸದ ಮಾತೆತ್ತಬೇಡ. ನೀನೂ ಮಣ್ಣಿಗೆ ಹೋಗು.

ನಿನಗೆ ಜಾಸ್ತಿ ಕೆಲಸ ಬೀಳುವುದು ಕೈಪಂಪಿನದು. ಗದಗಿನ ಕಡೆ ಹಳ್ಳಿಗಳಲ್ಲಿ ನೋಡಿದ್ದೀಯಲ್ಲ ಇಂಡಿಯಾ ಮಾರ್ಕ್ 2, ಇಲ್ಲಿಯೂ ಅದೇ. ಅದರ ಬೇರು ಇರುವುದೂ ಮಿಷನ್ ಕೆಲಸದಲ್ಲೇ. ಹಿಂದಿನ ಬೀಡುಕಬ್ಬಿಣದ ಪಂಪುಗಳು ಒಂದು ಮನೆಯ ಬಳಕೆಗೆ ಆಗುವಂಥವು. ಇಡೀ ಊರು ಜಗ್ಗಿದರೆ ತಾಳುತ್ತಿರಲಿಲ್ಲ. ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರದಲ್ಲಿ ಮಿಷನ್‌ನವರು ಉಕ್ಕಿನ ಗಟ್ಟಿ ಪಂಪು ಮಾಡಿದರು. 1970ರ ದಶಕದಲ್ಲಿ ಯೂನಿಸೆಫ್ ಮತ್ತು ನಮ್ಮ ಸರ್ಕಾರ ಸೇರಿ ಅದನ್ನೇ ತಿದ್ದಿ ಮಾರ್ಕ್ 2 ತಂದವು.

ಪಂಪು ಕೆಟ್ಟಿದೆ ಅಂದ ತಕ್ಷಣ ಸ್ಪ್ಯಾನರ್ ಹಿಡಿದು ಓಡಬೇಡ. ಮೊದಲು ಕುಳಿತುಕೋ. ಇಲ್ಲಿನ ಟೊಂಗಾ ಜನ ಹಿರಿಯರ ಮುಂದೆ ತಗ್ಗಿ, ಮೆಲ್ಲಗೆ ಚಪ್ಪಾಳೆ ತಟ್ಟಿ, 'ಮ್ವಾಬುಕ ಬುತಿ' ಅಂತ ಬೆಳಗಿನ ಕ್ಷೇಮ ಕೇಳುತ್ತಾರೆ. ಮನೆಮಂದಿಯನ್ನೆಲ್ಲ ವಿಚಾರಿಸಿದ ಮೇಲೇ ಪಂಪಿನ ಮಾತು. ಆಮೇಲೆ ನೀರು ಹೊರುವ ಹೆಂಗಸರನ್ನು ಕೇಳು. ಬೆಳಗಿನ ಮೊದಲ ನೀರು ಕೆಂಪಗೆ ಬರುತ್ತದೆ, ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ, ನ್ಶಿಮಾದ ಬಣ್ಣ ಕೆಡುತ್ತದೆ ಅಂದರೆ ಪೈಪು ಒಳಗೆ ತುಕ್ಕು ಹಿಡಿದಿದೆ ಅಂತ ತಿಳಿ. ನ್ಶಿಮಾ ಅಂದರೆ ಗೋವಿನಜೋಳದ ಹಿಟ್ಟಿನ ಮುದ್ದೆ, ದಿನವೂ ನಿನ್ನ ಊಟ ಅದೇ. ಹುಳಿ ಗುಣದ ನೀರು ಜಿಐ ಪೈಪನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನು, ತಿಂದುಬಿಡುತ್ತದೆ. ಅಲ್ಲಿ ವಾಷರ್ ಒಂದನ್ನೇ ಬದಲಿಸಿ ಬಂದರೆ ಏನೂ ಉಪಯೋಗವಿಲ್ಲ, ಪೈಪೇ ಬೇರೆ ಹಾಕಬೇಕು. ಹಿಡಿಕೆ ಸುಮ್ನೆ ಹಗುರಾಗಿ ಆಡುತ್ತಿದ್ದರೆ ಚೈನು ನೋಡು, ರಾಡು ಕಳಚಿದೆಯಾ ನೋಡು. ಪೈಪು ಮೇಲೆತ್ತುವಾಗ ಕ್ಲ್ಯಾಂಪು ಬಿಗಿಯಾಗಿದೆಯಾ ಅಂತ ನೀನೇ ಕೈಯಿಟ್ಟು ನೋಡು. ಜಾರಿದರೆ ಇಡೀ ಪೈಪಿನ ಸಾಲು ಬೋರಿನೊಳಗೆ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ಮರೆಯಬೇಡ. ಊರಿನವರಲ್ಲೇ ತರಬೇತಿ ಪಡೆದ ಪಂಪ್ ಮೆಂಡರ್‌ಗಳು ಇದ್ದಾರೆ. ನೀನು ಒಂದು ತಾಸಿನಲ್ಲಿ ಮುಗಿಸುವ ಕೆಲಸಕ್ಕೆ ಅವರಿಗೆ ಅರ್ಧ ದಿನ ಬೇಕಾಗಬಹುದು. ಬೇಕಾಗಲಿ. ಅವರ ಕೈಯಿಂದ ಸ್ಪ್ಯಾನರ್ ಕಸಿಯಬೇಡ. ನೀನು ಊರಿಗೆ ವಾಪಸ್ ಹೋದ ಮೇಲೂ ಆ ಪಂಪು ಕೆಡುತ್ತದೆ ಅಲ್ವಾ? ಬಿಡಿಭಾಗವನ್ನೂ ಪುಕ್ಕಟೆ ಕೊಡಬೇಡ. ಪಂಪು ನೋಡಿಕೊಳ್ಳುವ ಊರ ಕಮಿಟಿಯ ಹೆಂಗಸರು ಮನೆಮನೆಯಿಂದ ಚೂರುಪಾರು ದುಡ್ಡು ಕೂಡಿಸಿಟ್ಟಿರುತ್ತಾರೆ. ನೀನು ಉದಾರಿಯಾದರೆ ಮುಂದಿನ ತಿಂಗಳಿಂದ ಯಾರೂ ಕೊಡುವುದಿಲ್ಲ, ಆ ಹೆಂಗಸರ ಮಾತಿಗೂ ಬೆಲೆ ಇರುವುದಿಲ್ಲ. ಹತ್ತಿರದ ಚಿಕುನಿಯಲ್ಲಿ 1905ರಲ್ಲಿ ಮಿಷನ್ ಕಟ್ಟಿದ ಫಾದರ್ ಮೊರೋ ಟೊಂಗಾ ರೈತರಿಗೆ ಎತ್ತಿನ ನೇಗಿಲು ಹೂಡುವುದನ್ನು ಕಲಿಸಿದರು. ಅವರ ಹೊಲವನ್ನು ತಾವೇ ಉತ್ತು ಕೊಡಲಿಲ್ಲ. ಎತ್ತಿನ ಬೇಸಾಯ ಇಂದಿಗೂ ಇಲ್ಲಿ ಜನರ ಕೈಯಲ್ಲೇ ಇದೆ.

ದವಾಖಾನೆಯ ಸೋಲಾರ್ ಬ್ಯಾಟರಿ ಮಾತ್ರ ನಿನ್ನ ಜವಾಬ್ದಾರಿ. 2024ರ ಬರದಲ್ಲಿ, ಕರೆಂಟು ತಯಾರಾಗುವ ಕರೀಬಾ ಜಲಾಶಯದ ನೀರು ಇಳಿದು, ದೇಶದಲ್ಲೆಲ್ಲ ದಿನದ ಬಹುಪಾಲು ಕರೆಂಟೇ ಇರುತ್ತಿರಲಿಲ್ಲ. ಲಸಿಕೆಯ ಫ್ರಿಜ್ಜು ಆ ಬ್ಯಾಟರಿಯನ್ನೇ ನಂಬಿದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬೇಡ. ಅದಕ್ಕೆ ಮೊಬೈಲ್ ಚಾರ್ಜಿಗೆ ಹಾಕಲು ಯಾರು ಕೇಳಿದರೂ ಇಲ್ಲ ಅನ್ನು. ಅವರಿಗೆ ವರ್ಕ್‌ಶಾಪಿನ ಮೇಲೆ ಬೇರೆ ಪ್ಯಾನೆಲ್ ಹಾಕಿಕೊಡೋಣ.

ಜೂನ್, ಜುಲೈನಲ್ಲಿ ರಾತ್ರಿ ಚಳಿ ಜೋರು, ಸ್ವೆಟರ್ ತಾ. ಲುಸಾಕಾದಿಂದ ಲಿವಿಂಗ್‌ಸ್ಟನ್ ಕಡೆ ಹೋಗುವ ಬಸ್ಸು ಹತ್ತಿ ಮೊಂಜೆಯಲ್ಲಿ ಇಳಿ, ಅಲ್ಲಿಗೆ ನಾನು ಬಂದಿರುತ್ತೇನೆ. ಟಿಕೆಟ್ ಆದ ಕೂಡಲೇ ತಾರೀಖು ತಿಳಿಸು.

ನಿನ್ನ ಮಾವ