ಜೀವ ಇರುವ ಪ್ಯಾಕೆಟ್ಟನ್ನು ವಿಷದ ಡಬ್ಬಿಯ ಹಾಗೆ ಮಾರಬೇಡಿ

ಮಾನ್ಯ ಸಂಪಾದಕರೇ,

ಇರುವೆಯ ಮೈ ಹೊಕ್ಕು, ಅದನ್ನು ತನಗೆ ಬೇಕಾದಂತೆ ಕುಣಿಸುವ 'ಜೋಂಬಿ' ಮಾಡುವ ಶಿಲೀಂಧ್ರದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಫೋಟೋ ಭಯ ಹುಟ್ಟಿಸುವ ಹಾಗಿರುತ್ತದೆ, ಜನ ಓದುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಬೆಳೆ ತಿನ್ನುವ ಹುಳಗಳನ್ನು ಕೊಲ್ಲುವ ಶಿಲೀಂಧ್ರಗಳ ಬಗ್ಗೆ ಬರೆಯುವಾಗ ಮಾತ್ರ 'ಪರಿಸರಸ್ನೇಹಿ, ವಿಷಕ್ಕೆ ಪರ್ಯಾಯ' ಅಂತ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದನ್ನು ಓದಿದ ರೈತ ಒಂದು ಪ್ಯಾಕೆಟ್ ತಂದು, ಮಟಮಟ ಮಧ್ಯಾಹ್ನ ಹೊಡೆದು, ಮಾರನೇ ದಿನ ಹುಳಗಳು ಎಲೆ ಮೇಲೆ ಆರಾಮಾಗಿ ಓಡಾಡುವುದನ್ನು ನೋಡಿ, ಇದೆಲ್ಲ ಬರೀ ಬುರುಡೆ ಅಂತ ಬೈದು ಹಳೇ ಔಷಧಿಗೇ ವಾಪಸ್ ಹೋಗುತ್ತಾನೆ. ತಪ್ಪು ಅವನದ್ದಲ್ಲ. ಪ್ಯಾಕೆಟ್ ಒಳಗೆ ಇರುವುದು ವಿಷ ಅಲ್ಲ, ಜೀವ ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ.

ಆ ಜೋಂಬಿ ಶಿಲೀಂಧ್ರ ಹೊಲದಲ್ಲಿ ಕೆಲಸಕ್ಕೆ ಬರುವುದೂ ಇಲ್ಲ. ಕೆಲವೇ ಜಾತಿಯ ಇರುವೆಗಳನ್ನು ಬಿಟ್ಟು ಬೇರೆಯದರ ತಂಟೆಗೆ ಅದು ಹೋಗುವುದಿಲ್ಲ. ಕೆಲಸಕ್ಕೆ ಬರುವುದು ಬವೇರಿಯಾ, ಮೆಟರೈಜಿಯಂ, ಲೆಕಾನಿಸಿಲಿಯಂ ಥರದವು. ಇವು ಯಾವ ನಾಟಕವನ್ನೂ ಆಡುವುದಿಲ್ಲ, ಹತ್ತಾರು ಬಗೆಯ ಕೀಟಗಳಿಗೆ ತಗಲುತ್ತವೆ, ಬೇಯಿಸಿದ ಅಕ್ಕಿಯ ಮೇಲೂ ಸಲೀಸಾಗಿ ಬೆಳೆಯುತ್ತವೆ. ಹಾಗಾಗಿಯೇ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆಗುತ್ತದೆ.

ಇವು ಕೊಲ್ಲುವ ರೀತಿ ತಿಳಿದರೆ ಬಳಸುವ ರೀತಿ ತಾನಾಗಿ ತಿಳಿಯುತ್ತದೆ. ಹುಳ ಇದನ್ನು ತಿನ್ನಬೇಕಾಗಿಯೇ ಇಲ್ಲ. ಬೀಜಾಣು, ಅಂದರೆ ಶಿಲೀಂಧ್ರದ ಬೀಜದಂಥ ಸೂಕ್ಷ್ಮ ಕಣ, ಹುಳದ ಮೈಗೆ ಅಂಟಿದರೆ ಸಾಕು, ಸ್ವಲ್ಪ ತೇವ ಸಿಕ್ಕ ಕೂಡಲೇ ಮೊಳೆಯುತ್ತದೆ, ಕಿಣ್ವ ಬಿಟ್ಟು ಮೈಮೇಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತಾ, ಜೊತೆಗೆ ಒತ್ತಿ ತಳ್ಳುತ್ತಾ ಒಳಗೆ ನುಗ್ಗುತ್ತದೆ. ಒಳಗೆ ಹೋದ ಮೇಲೆ ರಕ್ತದಲ್ಲಿ ಹೆಚ್ಚುತ್ತಾ ಹೋಗಿ, ಅದರ ಪೋಷಕಾಂಶವನ್ನೆಲ್ಲ ಹೀರಿ, ಕೆಲವು ವಿಷಗಳನ್ನೂ ಬಿಟ್ಟು, ಮೂರು ದಿನದಿಂದ ಎರಡು ವಾರದೊಳಗೆ ಕೊಲ್ಲುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಸತ್ತ ಹುಳದ ಕೀಲುಗಳಿಂದ ಮತ್ತೆ ಹೊರಗೆ ಬರುತ್ತದೆ. ಬವೇರಿಯಾ ಆದರೆ ಬಿಳಿ ಪುಡಿ, ಮೆಟರೈಜಿಯಂ ಆದರೆ ಹಸಿರು. ಆ ಪುಡಿಯಲ್ಲಿ ಲಕ್ಷಗಟ್ಟಲೆ ಹೊಸ ಬೀಜಾಣು ಇರುತ್ತವೆ. ಹುಳ ಕೊಲ್ಲಲು ಬಳಸುವ ಇನ್ನೊಂದು ಜೀವಿಯಾದ ಬಿಟಿ ಬ್ಯಾಕ್ಟೀರಿಯಾ ಕೆಲಸ ಮಾಡಬೇಕಾದರೆ ಹುಳ ಎಲೆ ಸಮೇತ ಅದನ್ನು ನುಂಗಬೇಕು. ರಸ ಹೀರುವ ಬಿಳಿನೊಣ, ಸಸ್ಯಹೇನುಗಳು ಎಲೆ ಕಡಿಯುವುದೇ ಇಲ್ಲವಲ್ಲ, ಅಲ್ಲಿ ಶಿಲೀಂಧ್ರಕ್ಕೇ ಅವಕಾಶ ಜಾಸ್ತಿ. ಮಣ್ಣಿನೊಳಗಿನ ಗೊಣ್ಣೆಹುಳಕ್ಕೂ ಮೆಟರೈಜಿಯಂ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅಲ್ಲಿ ಬಿಸಿಲಿಲ್ಲ, ತೇವ ಇದೆ.

ಬಿಸಿಲೇ ಇದರ ದೊಡ್ಡ ಶತ್ರು. ಎಲೆ ಮೇಲೆ ಬಿದ್ದ ಬೀಜಾಣು ಬಿಸಿಲಿನ ಅತಿನೇರಳೆ ಕಿರಣಕ್ಕೆ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಅದಕ್ಕೇ ಸಂಜೆ ಹೊಡೆಯಬೇಕು, ಎಲೆಯ ಅಡಿಭಾಗಕ್ಕೂ ತಗಲಬೇಕು. 35 ಡಿಗ್ರಿ ದಾಟಿದರೆ ಹೆಚ್ಚಿನ ತಳಿಗಳ ಬೆಳವಣಿಗೆ ನಿಂತೇ ಹೋಗುತ್ತದೆ, ಹೀಗಿರುವಾಗ ಬಿಸಿಲಿಗೆ ಕಾದ ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪ್ಯಾಕೆಟ್ಟಿನಲ್ಲಿ ಏನು ಉಳಿದಿರುತ್ತದೆ? ಇನ್ನು ಕೆಲವರು ಒಂದೇ ಖರ್ಚಿನಲ್ಲಿ ಎರಡು ಕೆಲಸ ಆಗಲಿ ಅಂತ ಇದರ ಜೊತೆಗೇ ರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕವನ್ನೂ ಟ್ಯಾಂಕಿಗೆ ಸುರಿಯುತ್ತಾರೆ. ಅದರ ಹೆಸರೇ ಶಿಲೀಂಧ್ರನಾಶಕ, ಅದು ಮೊದಲು ಕೊಲ್ಲುವುದು ಯಾರನ್ನು ಹೇಳಿ!

ಇದೇನು ನಿನ್ನೆ ಮೊನ್ನೆ ಕಂಡುಹಿಡಿದ ಸಂಗತಿಯೂ ಅಲ್ಲ. ರೇಷ್ಮೆಹುಳಕ್ಕೆ ಸುಣ್ಣಕಟ್ಟು ರೋಗ ತರುವುದು ಇದೇ ಬವೇರಿಯಾ. ಅದನ್ನು 1835ರಲ್ಲಿ ತೋರಿಸಿಕೊಟ್ಟವರು ಇಟಲಿಯ ಅಗೋಸ್ಟಿನೊ ಬಾಸಿ, ಬವೇರಿಯಾ ಬ್ಯಾಸಿಯಾನಾ ಎಂಬ ಹೆಸರಿನಲ್ಲಿರುವುದು ಅವರೇ. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆ ಎಂಬ ಪಾಶ್ಚರ್, ಕಾಕ್ ಇವರ ರೋಗಾಣು ಸಿದ್ಧಾಂತಕ್ಕಿಂತ ಎಷ್ಟೋ ವರ್ಷ ಮೊದಲಿನ ಮಾತು ಇದು. 1879ರಲ್ಲಿ ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ ಗೋಧಿ ತಿನ್ನುವ ದುಂಬಿಯ ಮೇಲೆ ಮೆಟರೈಜಿಯಂ ಪ್ರಯೋಗ ಮಾಡಿದ್ದರು. ರೋಗನಿರೋಧಕ ಶಕ್ತಿಯ ಕೆಲಸಕ್ಕೆ ಮುಂದೆ ನೊಬೆಲ್ ಪಡೆದವರೂ ಅವರೇ.

ಮಿಡತೆ ವಿಷಯದಲ್ಲಂತೂ ಇದು ಕಾಗದದ ಮೇಲಿನ ಆಸೆಯಾಗಿ ಉಳಿದಿಲ್ಲ. ಮಿಡತೆಯನ್ನು ಜೈವಿಕವಾಗಿ ಹತೋಟಿಗೆ ತರಲೆಂದು 1989ರಲ್ಲಿ ಶುರುವಾದ ಲುಬಿಲೋಸಾ ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ವಿಜ್ಞಾನಿಗಳು ಮೆಟರೈಜಿಯಂ ಬೀಜಾಣುಗಳನ್ನು ಎಣ್ಣೆಯಲ್ಲಿ ಬೆರೆಸಿ, ಒಣ ಹವೆಯಲ್ಲೂ ಕೆಲಸ ಮಾಡುವ ಹಾಗೆ 'ಗ್ರೀನ್ ಮಸಲ್' ಎಂಬ ಉತ್ಪನ್ನ ತಯಾರಿಸಿದರು. 2020ರಲ್ಲಿ ಸೊಮಾಲಿಯಾದಲ್ಲಿ ಮರುಭೂಮಿ ಮಿಡತೆಯ ಮೇಲೆ ಮೆಟರೈಜಿಯಂ ಅನ್ನೇ ಸಿಂಪಡಿಸಿದರು. ಅಲ್ಲೂ ಮಿಡತೆ ತಕ್ಷಣ ಸಾಯುವುದಿಲ್ಲ, ಆದರೆ ಸಾಯುವ ಮೊದಲೇ ಮೇಯುವುದು ಕಡಿಮೆಯಾಗುತ್ತದೆ. ಬೆಳೆ ಉಳಿಯಲು ಬೇಕಾಗಿರುವುದು ಅದೇ ಅಲ್ವಾ? ಒಂದು ತಮಾಷೆ ಎಂದರೆ ಸೋಂಕು ತಗಲಿದ ಮಿಡತೆಗಳು ಬಿಸಿಲು ಕಾಯಿಸಿ ಮೈ ಬಿಸಿ ಏರಿಸಿಕೊಂಡು ಶಿಲೀಂಧ್ರವನ್ನು ಕೆಲ ಕಾಲ ತಡೆದು ನಿಲ್ಲಿಸುತ್ತವೆ. ಶತ್ರುವೂ ಸುಮ್ನೆ ಕೂತಿರುವುದಿಲ್ಲ.

ಹಾಗಂತ ಇದು ಎಲ್ಲದಕ್ಕೂ ರಾಮಬಾಣ ಅಂತ ನಾನು ಹೇಳುತ್ತಿಲ್ಲ. ಹುಳ ವಿಪರೀತ ಹೆಚ್ಚಾಗಿ, ನಾಳೆ ಬೆಳಗಾಗುವುದರೊಳಗೆ ಬೆಳೆಯೇ ಹೋಗುತ್ತದೆ ಎನ್ನುವ ಸ್ಥಿತಿಯಲ್ಲಿ ಇದನ್ನು ನಂಬಿ ಕೂರಲು ಆಗುವುದಿಲ್ಲ. ಹುಳ ಕಾಣಿಸಿಕೊಂಡ ಆರಂಭದಲ್ಲೇ ಬಳಸಬೇಕು. ರೇಷ್ಮೆ ಸಾಕುವವರು, ಹಿಪ್ಪುನೇರಳೆ ಬೆಳೆಯುವವರು ಇರುವ ಕಡೆ ಬವೇರಿಯಾ ಹೊಡೆಯುವ ಮುಂಚೆ ಹತ್ತು ಸಲ ಯೋಚಿಸಬೇಕು, ಹೊಲದ ಹುಳ ಯಾವುದು ರೇಷ್ಮೆಹುಳ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. 'ನೈಸರ್ಗಿಕ' ಅಂದ ಮಾತ್ರಕ್ಕೆ ಯಾರಿಗೂ ಹಾನಿ ಇಲ್ಲ ಎಂದು ಬರೆಯುವವರು ಈ ಮಾತನ್ನು ಯಾಕೆ ಬಿಟ್ಟುಬಿಡುತ್ತಾರೋ.

ತಯಾರಕರಲ್ಲಿ ನನ್ನ ಬೇಡಿಕೆ ಇಷ್ಟೇ. ಗ್ರಾಂಗೆ ಇಷ್ಟು ಕೋಟಿ ಬೀಜಾಣು ಅಂತ ಪ್ಯಾಕೆಟ್ ಮೇಲೆ ದೊಡ್ಡದಾಗಿ ಹಾಕುತ್ತೀರಿ, ಆದರೆ ಅವು ತಯಾರಾದ ದಿನ ಇದ್ದವೋ ಮಾರುವ ದಿನವೂ ಜೀವಂತ ಇವೆಯೋ ಅದನ್ನು ಹೇಳಿ, ಎಷ್ಟು ತಂಪಿನಲ್ಲಿ ಇಡಬೇಕು, ಯಾವುದರ ಜೊತೆ ಬೆರೆಸಬಾರದು ಎಂಬುದನ್ನು ಓದಲು ಬರುವ ಅಕ್ಷರದಲ್ಲಿ ಹಾಕಿ. ಸಂಪಾದಕರಲ್ಲಿ ಕೇಳುವುದು ಇನ್ನೂ ಕಡಿಮೆ. ಕೃಷಿ ಪುಟದಲ್ಲಿ ಈ ವಿಷಯ ಬಂದಾಗ ಜಾಗ ಎಷ್ಟೇ ಚಿಕ್ಕದಿರಲಿ, ಸಂಜೆ ಹೊಡೆಯಿರಿ, ಫಲಿತಾಂಶಕ್ಕೆ ಒಂದು ವಾರವಾದರೂ ಕಾಯಿರಿ ಎಂಬ ಒಂದು ಸಾಲನ್ನು ಬಿಡಬೇಡಿ.

ಇಂತಿ,
ನಿಮ್ಮ ಓದುಗ